ಕ್ಯಾಮೆರಾ ಎತ್ತಿದ ಕೂಡಲೇ ಮುಖ ಬಿಗಿಯುತ್ತೆ, ಏನು ಮಾಡಲಿ?

ಮಲ್ಲಿಗೆಬಳ್ಳಿ, ಚಿಕ್ಕಮಗಳೂರು:
ನಮಸ್ಕಾರ. ಮುಂದಿನ ತಿಂಗಳು ತಮ್ಮನ ಮದುವೆ. ಯಾರಾದರೂ ಫೋಟೋ ತೆಗೆಯೋಕೆ ಬಂದರೆ ಸಾಕು, ನನ್ನ ಕತ್ತು ಸೆಟೆದುಕೊಳ್ಳುತ್ತೆ, ತುಟಿ ಒಣಗುತ್ತೆ. ನಿಶ್ಚಿತಾರ್ಥದಲ್ಲಿ ಫೋಟೋದವರು "ಮೇಡಂ, ಸ್ವಲ್ಪ ನಗಿ" ಅಂತ ಎಲ್ಲರೆದುರು ನಾಲ್ಕು ಸಲ ಕೂಗಿದ್ರು, ಕಣ್ಣಲ್ಲಿ ನೀರೇ ಬಂತು. ಅಜ್ಜಿ ಹೋದ ಮೇಲೆ ಹುಡುಕಿದರೆ ಅವರ ಜೊತೆ ನಾನಿರೋ ಫೋಟೋ ಒಂದೂ ಸಿಗಲಿಲ್ಲ. ಈ ಸಲ ಹಾಗಾಗಬಾರದು. ಅಭ್ಯಾಸಕ್ಕೆ ಅಂತ ಸೆಲ್ಫಿ ತಗೊಂಡೆ, ಮೂಗು ದಪ್ಪ ಕಂಡು ಇನ್ನೂ ಬೇಜಾರಾಯ್ತು.

ನೆರಳುಬೆಳಕು, ಹಾಸನ:
ಮೊದಲು ಸೆಲ್ಫಿ ಬಿಡಿ ಅಕ್ಕ. ನಿಮ್ಮ ಮೂಗಲ್ಲಿ ಏನೂ ದೋಷ ಇಲ್ಲ, ಫೋನು ತೀರಾ ಹತ್ತಿರ ಇದೆ ಅಷ್ಟೇ. ಅಷ್ಟು ಹತ್ತಿರದಲ್ಲಿ ಲೆನ್ಸಿಗೆ ಮೂಗು ಮುಂದೆ, ಕಿವಿ ಬಹಳ ಹಿಂದೆ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ದಾರೆ: 5 ಅಡಿ ದೂರದಿಂದ ತೆಗೆದದ್ದಕ್ಕಿಂತ 12 ಇಂಚಿನಿಂದ ತೆಗೆದದ್ದರಲ್ಲಿ ಮೂಗು ಸುಮಾರು ಶೇ. 30 ಅಗಲ ಕಾಣುತ್ತೆ. ತಮ್ಮನ ಕೈಗೆ ಫೋನ್ ಕೊಡಿ. ಹಿಂದಿನ ಕ್ಯಾಮೆರಾ, ಐದಾರು ಅಡಿ ದೂರ, 2ಎಕ್ಸ್ ಜೂಮ್. ಬಿಸಿಲಿಗೆ ನಿಲ್ಲಬೇಡಿ, ಕಣ್ಣು ಕಿರಿದಾಗುತ್ತೆ. ಸಿಲ್ವರ್ ಓಕ್ ಕೆಳಗೂ ಬೇಡ, ಮುಖದ ಮೇಲೆ ಚುಕ್ಕೆ ಚುಕ್ಕೆ ಬಿಸಿಲು ಬೀಳುತ್ತೆ. ಜಗಲಿಯ ಅಂಚಲ್ಲಿ, ಅಂಗಳದ ಕಡೆ ಮುಖ ಮಾಡಿ ಕೂತ್ಕೊಳ್ಳಿ.

ಇನ್ನೊಂದು, ಕೈಗೆ ಕೆಲಸ ಬೇಕು. ಬೇಲೂರಿನ ದರ್ಪಣ ಸುಂದರಿಯನ್ನ ನೋಡಿದ್ದೀರಲ್ಲ? ಕೈಯಲ್ಲಿ ಕನ್ನಡಿ, ದೃಷ್ಟಿ ಅದರ ಮೇಲೆ, ನಮ್ಮ ಕಡೆ ತಿರುಗಿಯೂ ನೋಡಲ್ಲ. ಮೈಯಲ್ಲಿ ಎಲ್ಲೂ ಬಿಗಿ ಇಲ್ಲ. ಕ್ಯಾಮೆರಾಗೆ ಅಂಜೋರಿಗೆ ನಾನು ಹೇಳೋದು ಅದನ್ನೇ.

ಕಾಫಿಕಣ, ಮೂಡಿಗೆರೆ:
ಒಂದು ಮಾತು ಸೇರಿಸ್ತೀನಿ. ನಿಮ್ಮ ಮೂಗುಬೊಟ್ಟು ಎಡಗಡೆ ಇದ್ದರೆ ಕನ್ನಡಿಯಲ್ಲಿ ಎಡಕ್ಕೇ ಕಾಣುತ್ತೆ, ಫೋಟೋದಲ್ಲಿ ಬಲಕ್ಕೆ. ಬೈತಲೆಯೂ ಹಾಗೇ. ದಿನಾ ಕನ್ನಡಿ ನೋಡಿದ ಕಣ್ಣಿಗೆ ಫೋಟೋ ಬೇರೆ ಯಾರದ್ದೋ ಅನ್ಸುತ್ತೆ. ಮನೆಯವರು ನೋಡ್ತಾ ಬಂದಿರೋದು ಫೋಟೋದ ಮುಖವನ್ನೇ, ಅದಕ್ಕೇ ಅವರು "ಚೆನ್ನಾಗಿದೆ" ಅಂದರೆ ನಂಬಿ.

ಮಲ್ಲಿಗೆಬಳ್ಳಿ:
ಭಾನುವಾರ ಜಗಲಿಯಲ್ಲಿ ಅವರೆಕಾಯಿ ಸುಲೀತಾ ಕೂತೆ. ತಮ್ಮ ನಲವತ್ತು ಫೋಟೋ ತೆಗೆದ. ಮೊದಲ ಹದಿನೈದರಲ್ಲಿ ಅದೇ ಬಿಗಿ. ಆಮೇಲೆ ಅತ್ತೆ ಬಂದು ಪಕ್ಕ ಕೂತರು. ಒಂದರಲ್ಲಿ ಅವರು ಏನೋ ಹೇಳ್ತಿದ್ದಾರೆ, ನಾನು ಸಿಪ್ಪೆ ಕೈಯಲ್ಲಿ ಹಿಡಿದೇ ನಗ್ತಿದ್ದೀನಿ. ಅದನ್ನ ಪ್ರಿಂಟ್ ಹಾಕಿಸಿದೆ. ಆದರೆ ಮಂಟಪದಲ್ಲಿ ಗುಂಪು ಫೋಟೋಗೆ ಏನು ಮಾಡಲಿ? ಅಲ್ಲಿ ಅವರೆಕಾಯಿ ಇರಲ್ಲ.

ನೆರಳುಬೆಳಕು:
ಬಹಳ ಸಂತೋಷ ಆಯ್ತು ಅಕ್ಕ! ಗುಂಪಿನಲ್ಲಿ ಅತ್ತೆಯ ಕೈ ಹಿಡ್ಕೊಳ್ಳಿ, ಸ್ವಲ್ಪ ಓರೆಯಾಗಿ ನಿಲ್ಲಿ. "ರೆಡಿ" ಅಂದಾಗ ಕಣ್ಣು ಮುಚ್ಚಿ ಉಸಿರು ಬಿಡಿ, ಬಿಟ್ಟಾದ ಮೇಲೆ ಕಣ್ಣು ತೆರೀರಿ. ಫೋಟೋದವರಿಗೆ ಹಿಂದಿನ ದಿನವೇ ತಮ್ಮನ ಕೈಲಿ ಹೇಳಿಸಿಡಿ: ಅಕ್ಕನ್ನ ಕೂಗಿ ನಗಿಸಬೇಡಿ, ಒಂದರ ಬದಲು ಐದಾರು ಕ್ಲಿಕ್ ಮಾಡಿ ಅಂತ.