ಸಹಾಯ ಬೇಕು: ಎಂಡಿಎ ಏರಿದ್ದು ಲೇಸರ್‌ನಿಂದಲೋ, ಕುದಿಸಿದ್ದರಿಂದಲೋ?

ಪುಣೆಯ ಬಯೋಕೆಮಿಸ್ಟ್ರಿ ಕನ್ನಡಿಗರೇ, ಸ್ವಲ್ಪ ನೋಡಿ. ಎಂ.ಎಸ್ಸಿ. ಪ್ರಾಜೆಕ್ಟಿಗೆ ತೊಳೆದ ಕೆಂಪು ರಕ್ತಕಣಗಳ ಮೇಲೆ 632.8 ನ್ಯಾನೋಮೀಟರಿನ ಹೀಲಿಯಂ-ನಿಯಾನ್ ಲೇಸರ್ ಬಿಡುತ್ತಿದ್ದೇನೆ. ಆಮೇಲೆ ಕಣಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತಳಕ್ಕೆ ಇಳಿಸಿ, ಮೇಲಿನ ದ್ರವದಲ್ಲಿ ಟಿಬಿಎ ವಿಧಾನದಿಂದ ಎಂಡಿಎ (ಮಲೋನ್‌ಡೈಆಲ್ಡಿಹೈಡ್, ಲಿಪಿಡ್ ಅಂದರೆ ಕೊಬ್ಬು ಆಕ್ಸಿಡೈಸ್ ಆದಾಗ ಹುಟ್ಟುವ ವಸ್ತು) ಅಳೆಯುತ್ತೇನೆ. ಟಿಬಿಎ (ಥಯೋಬಾರ್ಬಿಟ್ಯೂರಿಕ್ ಆಸಿಡ್) ಜೊತೆ ಕುದಿಸಿದಾಗ ಎಂಡಿಎ ಗುಲಾಬಿ ಬಣ್ಣ ಕೊಡುತ್ತದೆ, ಅದನ್ನು 532 ನ್ಯಾನೋಮೀಟರಿನಲ್ಲಿ ಓದುತ್ತೇನೆ. ಡೋಸ್ ಜಾಸ್ತಿಯಾದಷ್ಟೂ 532ರ ರೀಡಿಂಗ್ ಏರುತ್ತಿದೆ. ಗೈಡ್‌ಗೆ ಖುಷಿ, ನನಗೆ ಅನುಮಾನ.

ಯಾಕಂದ್ರೆ ಹೀಮೋಲಿಸಿಸ್ (ಕಣ ಒಡೆದು ಹೀಮೋಗ್ಲೋಬಿನ್ ಹೊರಬರುವುದು) ಕೂಡ ಜೊತೆಗೇ ಏರುತ್ತಿದೆ. ಹೀಮೋಗ್ಲೋಬಿನ್ 541ರ ಹತ್ತಿರ ಬೆಳಕು ಹೀರುತ್ತದೆ, 532ಕ್ಕೆ ಅದು ಪಕ್ಕದ ಮನೆ. ಅದರ ಕಬ್ಬಿಣವೋ, ಆಸಿಡ್‌ನಲ್ಲಿ ಕುದಿಸುವಾಗ ಲಿಪಿಡ್‌ಗಳನ್ನು ಹೊಸದಾಗಿ ಆಕ್ಸಿಡೈಸ್ ಮಾಡಬಲ್ಲದು. (ಕೆಂಪು ಬೆಳಕನ್ನು ಮೈಟೋಕಾಂಡ್ರಿಯಾ ಹೀರುತ್ತದೆ ಅನ್ನುವ ಮಾಮೂಲಿ ವಿವರಣೆ ಇಲ್ಲಿ ನಡೆಯಲ್ಲ. ಬಲಿತ ಕೆಂಪುಕಣದಲ್ಲಿ ಅದು ಇರುವುದೇ ಇಲ್ಲ ಅಲ್ವಾ!)

ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಹಾಕಿ ಪ್ರೋಟೀನ್ ತೆಗೆದೆ. ಟಿಬಿಎ ಹಾಕದ ಬ್ಲಾಂಕ್‌ನ (ಹೋಲಿಕೆಯ ಟ್ಯೂಬಿನ) ರೀಡಿಂಗ್ ಕಳೆದೆ. ಲೇಸರ್‌ನ ಬಿಸಿ ಕಾರಣವಿರಬಹುದೇ ಅಂತ ಟ್ಯೂಬನ್ನು ಐಸ್ ಮೇಲಿಟ್ಟೂ ಲೇಸರ್ ಬಿಟ್ಟೆ. ಏರಿಕೆ ಮಾತ್ರ ಹಾಗೇ ಇದೆ.

ಈಗ ನನ್ನ ಪ್ರಶ್ನೆ: ಕುದಿಸುವ ಮೊದಲು ಬಿಎಚ್‌ಟಿ (ಆಕ್ಸಿಡೇಶನ್ ತಡೆಯುವ ವಸ್ತು) ಸೇರಿಸಿದರೆ ಸಾಕಾ, ಇಡಿಟಿಎ (ಕಬ್ಬಿಣದಂಥ ಲೋಹ ಹಿಡಿದಿಡುವ ವಸ್ತು) ಕೂಡ ಬೇಕಾ? ಟಿಸಿಎಗೆ ಮೊದಲೋ, ನಂತರವೋ? ಮಾಡಿ ನೋಡಿದವರು ದಯವಿಟ್ಟು ಹೇಳಿ.