ಪೊರೆ ಆಪರೇಷನ್: ಅಪ್ಪನಿಗೆ ಹನಿಯೋ, ಇಂಜೆಕ್ಷನ್ನೋ? ಅನುಭವ ಇದ್ದವರು ತಿಳಿಸಿ

ತುಂಗಾತೀರ: ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ, ಬಲಗಣ್ಣಿಗೆ ಪೊರೆ. ಸಂಜೆಯಾದರೆ ಮೆಟ್ಟಿಲು ಕಾಣುವುದಿಲ್ಲ. ಒಬ್ಬ ವೈದ್ಯರು ಹನಿ ಹಾಕಿ ಮರಗಟ್ಟಿಸಿಯೇ ಮಾಡುತ್ತೇನೆ ಎನ್ನುತ್ತಾರೆ, ಇನ್ನೊಬ್ಬರು ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಬೇಕೇ ಬೇಕು ಎನ್ನುತ್ತಾರೆ. ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು ನಡೆಯುತ್ತಿವೆ. ಎಡಗಿವಿ ಪೂರ್ತಿ ಮಂದ. ‘ಕಣ್ಣಿಗೆ ಸೂಜಿ’ ಎಂಬ ಮಾತು ಕೇಳಿದ ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಯಾವುದು ಕ್ಷೇಮ? ನೋವಾಗುತ್ತದೆಯೇ?

ಹಳೆ ಲೆಡ್ಜರ್: ತಂಗಿ, ಕಣ್ಣು ಮುಚ್ಚಿಕೊಂಡು ಹನಿಗೆ ಒಪ್ಪಿಕೊಳ್ಳಿ. ನನ್ನ ಎರಡೂ ಕಣ್ಣು ಹನಿಯಲ್ಲೇ ಆದವು, 2022ರಲ್ಲಿ ಬಲ, 2023ರಲ್ಲಿ ಎಡ. ಪಾಪೆ ಹಿಗ್ಗಿಸುವ ಹನಿಯನ್ನು ಹತ್ತು ಹತ್ತು ನಿಮಿಷಕ್ಕೆ ಹಾಕಿ ಕೂರಿಸುತ್ತಾರೆ. ಒಳಗೆ ಹೋದ ಮೇಲೆ ಮರಗಟ್ಟಿಸುವ ಹನಿ, ಮುಖಕ್ಕೆ ಕಂದು ಔಷಧ, ರೆಪ್ಪೆ ಮುಚ್ಚದಂತೆ ತಂತಿಯ ಕ್ಲಿಪ್. ಆ ಕ್ಲಿಪ್ ಹಾಕುವಾಗ ಮಾತ್ರ ಕಿರಿಕಿರಿ. ಆಮೇಲೆ ಮೂರು ಬೆಳಕಿನ ಚುಕ್ಕೆಗಳು ನೀರಿನಲ್ಲಿ ಕರಗಿದಂತೆ ಕಂಡವು, ನೀಲಿ, ಗುಲಾಬಿ, ಮತ್ತೆ ಬಿಳಿ. ಲೆನ್ಸ್ ಒಳಗೆ ಹೋಗುವಾಗ ಯಾರೋ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದ ಹಾಗೆ. ಹದಿನಾಲ್ಕು ನಿಮಿಷ. ಮನೆಗೆ ಬಂದು ಊಟ ಮಾಡಿದೆ. ಎರಡನೆಯ ಕಣ್ಣಿನಲ್ಲಿ ಸ್ವಲ್ಪ ಹೆಚ್ಚು ನೋವು ಎನಿಸಿತು. ಹಾಗೆ ಅನ್ನಿಸುವುದು ಸಾಮಾನ್ಯ ಎಂದು ಡಾಕ್ಟರೇ ಹೇಳಿದರು.

ನನಗೆ ನೋವಾದದ್ದು ವಿಮೆಯಲ್ಲಿ. ಪ್ಯಾಕೇಜ್ 42,000. ಪಾಲಿಸಿ ಇದ್ದದ್ದು ಐದು ಲಕ್ಷದ್ದು, ಆದರೆ ಪೊರೆಗೆ ಕಣ್ಣೊಂದಕ್ಕೆ 25,000 ಮಿತಿ ಎಂಬುದು ಒಳಪುಟದಲ್ಲಿತ್ತು. ಅದರಲ್ಲೂ ಕೈಗವಸು, ಟೋಪಿ ಎಂದು 1,840 ಕಡಿತ. ಲೆನ್ಸಿನ ಪೆಟ್ಟಿಗೆಯ ಸ್ಟಿಕ್ಕರ್ ಲಗತ್ತಿಸಿಲ್ಲ ಎಂದು ಎರಡು ತಿಂಗಳು ಅಲೆದಾಡಿಸಿದರು. ಸ್ಟಿಕ್ಕರ್ ಕೇಳಿ ಇಟ್ಟುಕೊಳ್ಳಿ.

ಮಂಡ್ಯದ ಸೊಸೆ: ನಾನು ಇದನ್ನು ಎಲ್ಲೂ ಬರೆದಿರಲಿಲ್ಲ. ನಮ್ಮ ಅತ್ತೆಯವರಿಗೆ ಚಿಕ್ಕಂದಿನಿಂದ ಮೈನಸ್ 16 ಕನ್ನಡಕ. ಅಂಥವರ ಕಣ್ಣುಗುಡ್ಡೆ ಉದ್ದವಾಗಿರುತ್ತದೆ, ಗೋಡೆ ತೆಳ್ಳಗಿರುತ್ತದೆ. ಸಾಮಾನ್ಯವಾಗಿ 23-24 ಮಿಲಿಮೀಟರ್ ಇರುವ ಕಡೆ ಅತ್ತೆಯವರದು 28.4. ಆ ಸಂಖ್ಯೆ ಅವರ ಫೈಲಿನಲ್ಲೇ ಇತ್ತು, ಸ್ಕ್ಯಾನ್ ಮಾಡಿದವರೇ ಬರೆದಿದ್ದರು. ಆದರೂ ಇಂಜೆಕ್ಷನ್ ಕೊಟ್ಟರು. ಸೂಜಿ ಗುಡ್ಡೆಗೇ ಚುಚ್ಚಿತು. ಅತ್ತೆ ‘ಅಯ್ಯೋ’ ಎಂದದ್ದು ಬಾಗಿಲ ಹೊರಗೆ ನಿಂತಿದ್ದ ನನಗೆ ಕೇಳಿಸಿತು. ಒಂಬತ್ತನೆಯ ದಿನ ಅಕ್ಷಿಪಟ ಕಳಚಿತು. ಬೆಂಗಳೂರಿಗೆ ಓಡಿದೆವು. ಕಣ್ಣಿನೊಳಗೆ ಸಿಲಿಕೋನ್ ಎಣ್ಣೆ ತುಂಬಿ, ಹತ್ತು ದಿನ ಮುಖ ಕೆಳಗೆ ಮಾಡಿ ಮಲಗಿಸಿದರು. ಮೊದಲ ಸಲ 1,18,000, ಎಣ್ಣೆ ತೆಗೆಯಲು ಮತ್ತೆ 46,000. ಕೈಬೆರಳು ಎಣಿಸುವಷ್ಟು ಕಾಣುತ್ತದೆ, ಅಷ್ಟೇ. ಇನ್ನೊಂದು ಕಣ್ಣನ್ನು ಬೇರೆ ಕಡೆ ಬರೀ ಹನಿಯಲ್ಲಿ ಮಾಡಿದರು, ಏನೂ ಆಗಲಿಲ್ಲ. ನಿಮ್ಮ ತಂದೆಯ ಹತ್ತಿರ ಸೂಜಿ ಸುಳಿಯಲು ಬಿಡಬೇಡಿ.

ಕಲಬುರಗಿ ಬಿಸಿಲು: ಹನಿ ಹನಿ ಎಂದು ಹೊಗಳುವವರು ಇದನ್ನೂ ಓದಬೇಕು. ನಮ್ಮ ತಂದೆಗೆ ನಲವತ್ತು ವರ್ಷದ ಬೀಡಿ, ಮಲಗಿದರೆ ಕೆಮ್ಮು. ಹನಿ ಹಾಕಿದರೆ ನೋವು ಮಾಯವಾಗುತ್ತದೆಯೇ ಹೊರತು ಕಣ್ಣಿನ ಚಲನೆ ನಿಲ್ಲುವುದಿಲ್ಲ. ಅರ್ಧ ಪೊರೆ ತೆಗೆದಿದ್ದಾಗ ಕೆಮ್ಮಿದರು, ಕಣ್ಣು ಬಿಗಿದರು, ಲೆನ್ಸ್ ಕೂರಬೇಕಾದ ತೆಳು ಚೀಲ ಹರಿಯಿತು. ಹಿಂದಿನ ಲೋಳೆ ಮುಂದಕ್ಕೆ ಬಂತು. ಆಗ ಅವಸರದಲ್ಲಿ ಇಂಜೆಕ್ಷನ್ ಕೊಟ್ಟು ಶುಚಿ ಮಾಡಿ, ಲೆನ್ಸ್ ಇಲ್ಲದೆಯೇ ಮುಗಿಸಿ ಕಳುಹಿಸಿದರು. ಆರು ವಾರದ ನಂತರ ಹೈದರಾಬಾದಿನಲ್ಲಿ ಲೆನ್ಸ್: 31,000. ರೈಲಿನಲ್ಲಿ ಏಳು ಸಲ ಹೋಗಿ ಬಂದೆವು, ಲಾಡ್ಜಿಗೆ ದಿನಕ್ಕೆ 900, ತಂದೆ ಬೇರೆಯವರ ಅಡುಗೆ ಉಣ್ಣುವುದಿಲ್ಲವೆಂದು ತಾಯಿಯೂ ಜೊತೆಗೆ. ನನ್ನ ಸಂಬಳರಹಿತ ರಜೆ 19 ದಿನ. ಮೊದಲೇ ಇಂಜೆಕ್ಷನ್ ಕೊಟ್ಟು ಕಣ್ಣು ಅಲುಗದಂತೆ ಮಾಡಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಲೆಡ್ಜರ್ ಸಾರ್, ನಿಮ್ಮ ಹದಿನಾಲ್ಕು ನಿಮಿಷ ಎಲ್ಲರ ಹದಿನಾಲ್ಕು ನಿಮಿಷವಲ್ಲ.

ಹಳೆ ಲೆಡ್ಜರ್: ಕೆಮ್ಮು ಇದೆ ಎಂದು ಮೊದಲೇ ಹೇಳದಿದ್ದರೆ ಅದು ಹನಿಯ ತಪ್ಪೇ?

ಕಲಬುರಗಿ ಬಿಸಿಲು: ಹೇಳಿದ್ದೆವು. ಎರಡು ಸಲ ಹೇಳಿದ್ದೆವು. ಗೊತ್ತಿಲ್ಲದೆ ನಮ್ಮ ತಂದೆಯ ಮೇಲೆ ತಪ್ಪು ಹೊರಿಸಬೇಡಿ.

ನಿವೃತ್ತ ಸಿಸ್ಟರ್: 31 ವರ್ಷ ಕಣ್ಣಿನ ಆಪರೇಷನ್ ಥಿಯೇಟರಿನಲ್ಲಿ ನಿಂತವಳು ನಾನು. ಮಂಡ್ಯದ ತಾಯಿ, ನಿಮ್ಮ ಅತ್ತೆಗೆ ಆದದ್ದು ಆಗಬಾರದಿತ್ತು. ಆ 28.4 ನೋಡಿದವರು ಚೂಪು ಸೂಜಿ ಹಿಡಿಯಬಾರದಿತ್ತು. ಆದರೆ ಅದರಿಂದ ಇಂಜೆಕ್ಷನ್ನೇ ವಿಷ ಎನ್ನಬೇಡಿ. ಮಂದ ತುದಿಯ ಬಾಗಿದ ಕೊಳವೆಯಲ್ಲಿ, ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರದ ಕೆಳಗೆ ಔಷಧ ಇಳಿಸುವ ವಿಧಾನವೂ ಇದೆ. ಮೊದಲು ಹನಿ ಹಾಕಿ, ಕತ್ತರಿಯಿಂದ ಚಿಕ್ಕ ಗೀರು ಹಾಕಿ ಒಳಗೆ ಬಿಡುತ್ತಾರೆ. ಉದ್ದ ಕಣ್ಣಿನವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಚೂಪು ಸೂಜಿಗಿಂತ ಅದು ಮೇಲು. ಕಣ್ಣಿನ ಬಿಳಿ ಕೆಂಪಾಗುತ್ತದೆ, ಉಬ್ಬುತ್ತದೆ, ನೋಡಿದವರಿಗೆ ಗಾಬರಿ, ಆದರೆ ಇಳಿಯುತ್ತದೆ.

ಮಾಮೂಲಿ ಇಂಜೆಕ್ಷನ್ನಿನಲ್ಲಿ ಲಿಗ್ನೋಕೇನ್ ಮತ್ತು ಬ್ಯುಪಿವಕೇನ್ ಎಂಬ ಮರಗಟ್ಟಿಸುವ ಔಷಧಗಳನ್ನು ಬೆರೆಸಿರುತ್ತಾರೆ. ಕೊಟ್ಟ ಮೇಲೆ ಕಣ್ಣನ್ನು ಕೆಲ ನಿಮಿಷ ಒತ್ತಿ ಹಿಡಿಯುವುದು ನಮ್ಮ ಕೆಲಸವಾಗಿತ್ತು. ಆ ಕಣ್ಣು ಕೆಲವು ಗಂಟೆ ಅಲುಗುವುದಿಲ್ಲ, ರೆಪ್ಪೆ ಏಳುವುದಿಲ್ಲ, ಎರಡೆರಡು ಕಾಣಬಹುದು. ಅದನ್ನು ಮೊದಲೇ ಹೇಳದಿದ್ದರೆ ರೋಗಿ ‘ಕಣ್ಣು ಹೋಯಿತು’ ಎಂದು ರಾತ್ರಿಯೆಲ್ಲ ಅಳುತ್ತಾರೆ. ನಾನು ನೋಡಿದ್ದೇನೆ.

ತುಂಗಾತೀರ, ಒಂದು ಮಾತು ಮರೆಯಬೇಡಿ. ಸ್ಟೆಂಟ್ ಇರುವವರ ಮಾತ್ರೆಯನ್ನು ಕಣ್ಣಿನ ಹೆಸರಿನಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ಹೃದಯದ ವೈದ್ಯರನ್ನು ಕೇಳಿ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಆ ಮಾತ್ರೆಯಿಂದ ಆಪರೇಷನ್ ನಡುವೆ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ಪಾಪೆ ಕುಗ್ಗಬಹುದು.

ಮಂಡ್ಯದ ಸೊಸೆ: ಸಿಸ್ಟರ್, ದುಡ್ಡಿದ್ದವರಿಗೆ ಹನಿ, ಶಿಬಿರದವರಿಗೆ ಸೂಜಿ. ನಮ್ಮದು ಉಚಿತ ಶಿಬಿರ. ಅದನ್ನೂ ಹೇಳಿ.

ನಿವೃತ್ತ ಸಿಸ್ಟರ್: ಆ ಮಾತನ್ನು ನಾನು ಒಪ್ಪುವುದಿಲ್ಲ. ಹಳ್ಳಿಯವರು ಪೊರೆ ಕಲ್ಲಿನಂತೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಬರುತ್ತಾರೆ. ಅದನ್ನು ಇಡಿಯಾಗಿ ಹೊರತೆಗೆಯಲು ಆರು ಮಿಲಿಮೀಟರಿನಷ್ಟಾದರೂ ದಾರಿ ಬೇಕು. ಪೊರೆಯನ್ನು ಒಳಗೇ ಪುಡಿ ಮಾಡಿ ಹೀರುವ ಫೇಕೋದಲ್ಲಾದರೆ ಮೂರಕ್ಕಿಂತ ಕಡಿಮೆ ಸಾಕು. ದೊಡ್ಡ ದಾರಿಗೆ ಬರೀ ಹನಿ ಸಾಲದು. ನಾನು ಶಿಬಿರದ ಸಾವಿರಾರು ಅಜ್ಜಿಯರ ಕೈ ಹಿಡಿದಿದ್ದೇನೆ. ಅವರನ್ನು ಕೀಳಾಗಿ ಕಂಡೆವು ಎಂದರೆ ಸಹಿಸುವುದು ಕಷ್ಟ.

ಮಂಡ್ಯದ ಸೊಸೆ: ನಿಮ್ಮನ್ನು ಅಂದದ್ದಲ್ಲ. ನಮ್ಮ ಅತ್ತೆಯ ಕೈಯನ್ನು ಯಾರೂ ಹಿಡಿಯಲಿಲ್ಲ.

ಬೀಳಗಿ ಹುಡುಗ: ಶಿಬಿರದ ಮಾತು ಬಂತೆಂದು ಹೇಳುತ್ತೇನೆ. ನಮ್ಮ ಬೀಳಗಿಯವರೇ ಆದ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಅಜ್ಜನ ಕಣ್ಣು ಆಗಿತ್ತು. ಒಳಗೆ ಲೆನ್ಸ್ ಇಡದ ಕಾಲ. ಶಾಲೆಯ ಕೋಣೆಯಲ್ಲಿ ಚಾಪೆ, ತಲೆಯ ಎರಡೂ ಕಡೆ ಮರಳಿನ ಚೀಲ. ಅಜ್ಜ ಸೂಜಿಯ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಹೊರಳದೆ ಮಲಗಿದ ದಿನಗಳನ್ನು ಸಾಯುವವರೆಗೂ ಹೇಳುತ್ತಿದ್ದರು. ಆಮೇಲೆ ಸೋಡಾ ಬುಡ್ಡಿ ಕನ್ನಡಕ. ಆದರೂ ಆ ಕಣ್ಣಿನಲ್ಲೇ ಹದಿನೆಂಟು ವರ್ಷ ಹೊಲ ನೋಡಿಕೊಂಡರು.

ನ್ಯೂಜೆರ್ಸಿ ಕನ್ನಡಿಗ: ಇಲ್ಲಿ ಅಮ್ಮನಿಗೆ ಹನಿಯ ಜೊತೆಗೆ ರಕ್ತನಾಳಕ್ಕೆ ಮಿಡಜೋಲಂ ಕೊಟ್ಟು ಮಂಪರು ಬರಿಸಿದರು, ಪಕ್ಕದಲ್ಲೇ ಅರಿವಳಿಕೆ ತಜ್ಞರು. ಊರಿನಲ್ಲಿ ಏಕೆ ಹೀಗೆ ಮಾಡುವುದಿಲ್ಲ? ವೃದ್ಧರನ್ನು ಪೂರ್ತಿ ಎಚ್ಚರದಲ್ಲಿ ಮಲಗಿಸುವುದು ಕ್ರೂರವಲ್ಲವೇ?

ಹಳೆ ಲೆಡ್ಜರ್: ನಾನು ಪೂರ್ತಿ ಎಚ್ಚರವಿದ್ದೆ, ಯಾರೂ ಕ್ರೂರವಾಗಿ ನಡೆದುಕೊಳ್ಳಲಿಲ್ಲ. ಅಲ್ಲಿನ ಬಿಲ್ಲು ಎಷ್ಟಾಯಿತು, ಅದನ್ನು ಬರೆಯಿರಿ.

ನ್ಯೂಜೆರ್ಸಿ ಕನ್ನಡಿಗ: ಬಿಲ್ಲಿನ ಮಾತೇ ಬೇಡ, ಅಮ್ಮ ಸಂದರ್ಶಕ ವೀಸಾದಲ್ಲಿದ್ದರು, ವಿಮೆ ಒಂದು ಡಾಲರನ್ನೂ ಕೊಡಲಿಲ್ಲ. ಒಂದು ಸಂಗತಿ ಹೇಳಬೇಕು. ಮಂಪರಿನಲ್ಲಿ ಅಮ್ಮ ‘ಮೂಗು ಕೆರೆಯುತ್ತಿದೆ’ ಎಂದು ಕನ್ನಡದಲ್ಲಿ ಹೇಳುತ್ತಲೇ ಇದ್ದರಂತೆ. ಯಾರಿಗೂ ತಿಳಿಯಲಿಲ್ಲ. ಕೊನೆಗೆ ತಾವೇ ಕೈ ಎತ್ತಿದರು, ನರ್ಸ್ ಹಾರಿ ಹಿಡಿದರು.

ಕಲಬುರಗಿ ಬಿಸಿಲು: ಹಾಗಾದರೆ ಮಂಪರಿನಿಂದಲೂ ಅಲುಗಾಟ ನಿಲ್ಲಲಿಲ್ಲ. ನಾನು ಹೇಳಿದ್ದೂ ಅದನ್ನೇ.

ತುಂಗಾತೀರ: ದಯವಿಟ್ಟು ಜಗಳ ಬೇಡ. ಅಪ್ಪನಿಗೆ ಪ್ರಾಸ್ಟೇಟಿನ ಮಾತ್ರೆಯೂ ಇದೆ, ಈಗ ಪೆಟ್ಟಿಗೆ ತೆಗೆದು ನೋಡಿದೆ: ಟ್ಯಾಮ್ಸುಲೋಸಿನ್. ಇಬ್ಬರೂ ವೈದ್ಯರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಸಿಸ್ಟರ್, ಕಿವಿಯ ವಿಷಯ ಏನು ಮಾಡಲಿ? ಮುಖಕ್ಕೆ ಬಟ್ಟೆ ಮುಚ್ಚಿದರೆ ‘ಅಲುಗಬೇಡಿ’ ಎಂದದ್ದು ಅವರಿಗೆ ಕೇಳಿಸುತ್ತದೆಯೇ?

ನಿವೃತ್ತ ಸಿಸ್ಟರ್: ಬಲಗಣ್ಣು ತಾನೇ? ಫೇಕೋ ಮಾಡುವಾಗ ಬಹಳ ಮಂದಿ ವೈದ್ಯರು ಅದೇ ಕಡೆ ಕೂರುತ್ತಾರೆ, ಕೇಳುವ ಕಿವಿ ಅವರ ಹತ್ತಿರವೇ ಬರುತ್ತದೆ. ಎಡಗಿವಿ ಕೇಳಿಸದು ಎಂದು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ಕೆಮ್ಮು ಬಂದರೆ, ನೋವಾದರೆ ನರ್ಸ್ ಕೈಯನ್ನು ಎರಡು ಸಲ ಅದುಮಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನೋವು ಎಂದರೆ ಇನ್ನಷ್ಟು ಔಷಧ ಬಿಡುತ್ತಾರೆ, ಹಲ್ಲು ಕಚ್ಚಿ ತಡೆದುಕೊಳ್ಳುವುದು ಬೇಡ. ಮನೆಯಲ್ಲಿ ತೆಳು ಟವೆಲ್ ಮುಖಕ್ಕೆ ಹಾಕಿ ಇಪ್ಪತ್ತು ನಿಮಿಷ ಅಂಗಾತ ಮಲಗಲು ಅಭ್ಯಾಸ ಮಾಡಿಸಿ. ಅಷ್ಟು ಹೊತ್ತು ಮಲಗಬಲ್ಲರು ಎಂದಾದರೆ ಹನಿಯ ಮಾತು ಆಡಬಹುದು. ಆಗದಿದ್ದರೆ ಆ ಮಂದ ಕೊಳವೆಯ ವಿಧಾನ ಕೇಳಿ.

ಹಳೆ ಲೆಡ್ಜರ್: ಲೆನ್ಸ್ ಸ್ಟಿಕ್ಕರ್ ಮರೆಯಬೇಡಿ. ಒಂದಕ್ಕಿಂತ ಹೆಚ್ಚು ಬರುತ್ತವೆ, ಒಂದನ್ನು ನೀವು ಇಟ್ಟುಕೊಳ್ಳಿ.

ಕಲಬುರಗಿ ಬಿಸಿಲು: ಮನುಷ್ಯನ ಕಣ್ಣಿನ ಮಾತು ನಡೆಯುತ್ತಿದೆ, ನಿಮಗೆ ಸ್ಟಿಕ್ಕರ್!

ಹಳೆ ಲೆಡ್ಜರ್: ಎರಡು ತಿಂಗಳು ಕೌಂಟರಿನ ಮುಂದೆ ನಿಂತವನು ನಾನು, ನೀವಲ್ಲ.

ತುಂಗಾತೀರ: ನಿನ್ನೆ ರಾತ್ರಿ ಟವೆಲ್ ಹಾಕಿ ಮಲಗಿಸಿದೆ. ಹನ್ನೊಂದನೆಯ ನಿಮಿಷಕ್ಕೆ ಅಪ್ಪ ನನ್ನ ಕೈಯನ್ನು ಎರಡು ಸಲ ಅದುಮಿದರು. ಟವೆಲ್ ತೆಗೆದೆ. ಗಂಟಲು ಒಣಗಿತ್ತಂತೆ, ನೀರು ಕುಡಿದು ತಾವೇ ಮತ್ತೆ ಮಲಗಿದರು. ಇವತ್ತು ಮತ್ತೆ ಮಾಡುತ್ತೇವೆ.