'ವಿಕ್ಟೋರಿಯಾ' (2015): ದರೋಡೆಯನ್ನೇ ತೋರಿಸದ ದರೋಡೆ ಸಿನಿಮಾ

ರೀಲುಪೆಟ್ಟಿಗೆ: ನಿನ್ನೆ ರಾತ್ರಿ ಸೆಬಾಸ್ಟಿಯನ್ ಶಿಪ್ಪರ್‌ ನಿರ್ದೇಶನದ ಜರ್ಮನ್ ಸಿನಿಮಾ 'ವಿಕ್ಟೋರಿಯಾ' ನೋಡಿದೆ. ಮ್ಯಾಡ್ರಿಡ್‌ನಿಂದ ಬರ್ಲಿನ್‌ಗೆ ಬಂದು ಕೆಫೆಯಲ್ಲಿ ದುಡಿಯೋ ಹುಡುಗಿ. ಕ್ಲಬ್ಬಿಂದ ಹೊರಡುವಾಗ ನಾಲ್ಕು ಹುಡುಗರ ಪರಿಚಯ. ಬೆಳಗಾಗೋ ಹೊತ್ತಿಗೆ ಅವರ ಬ್ಯಾಂಕ್ ದರೋಡೆಗೆ ಇವಳೇ ಡ್ರೈವರ್. ಸುಮಾರು 138 ನಿಮಿಷ, ಒಂದೇ ಶಾಟ್, ಒಂದೂ ಕಟ್ ಇಲ್ಲ. ಹುಡುಗರು ಬ್ಯಾಂಕ್ ಒಳಗೆ ಹೋದಾಗ ಕ್ಯಾಮೆರಾ ಕಾರಲ್ಲಿ ಅವಳ ಜೊತೆಗೇ ಉಳಿಯುತ್ತೆ. ಕಾರು ಬೇರೆ ಆಫ್ ಆಗಿಬಿಡುತ್ತೆ. ನಾನು ನೋಡಿದ ದರೋಡೆ ಸಿನಿಮಾಗಳಲ್ಲಿ ಇದಕ್ಕಿಂತ ಹೆದರಿಸಿದ್ದು ಇನ್ನೊಂದಿಲ್ಲ.

ಕತ್ತರಿಕೆಲಸ: 'ಒಂದೂ ಕಟ್ ಇಲ್ಲ' ಅನ್ನೋದು ಗುಣ ಯಾವಾಗ ಆಯ್ತು? ಇದೇ ಶಿಪ್ಪರ್ ನಟಿಸಿರೋ 'ರನ್ ಲೋಲಾ ರನ್' (1998) ತಗೊಳ್ಳಿ. ಅದೂ ಬರ್ಲಿನ್ನೇ. ಒಂದೇ ಕಥೆ ಮೂರು ಸಲ ಮೂರು ಥರ ಓಡುತ್ತೆ; ಎರಡನೇ ಓಟದಲ್ಲಿ ಲೋಲಾ ತನ್ನ ಅಪ್ಪನ ಬ್ಯಾಂಕನ್ನೇ ದೋಚ್ತಾಳೆ. ಎಡಿಟಿಂಗ್ ಒಂದರಿಂದಲೇ ಎದೆ ಬಡಿತ ಏರುತ್ತೆ. 'ವಿಕ್ಟೋರಿಯಾ'ದಲ್ಲಿ ದರೋಡೆ ಮಾತು ಬರೋ ಮುಂಚೆ ಬೀದಿ ಸುತ್ತೋದು, ಬಿಯರ್, ಮಹಡಿ ಮೇಲೆ ಹರಟೆ. ಆ ಭಾಗವನ್ನ ಅರ್ಧಕ್ಕೆ ಇಳಿಸಬೇಕಿತ್ತು.

ಬರ್ಲಿನ್ ಬಾಡಿಗೆದಾರಳು: ಆ 'ಬೀದಿ ಸುತ್ತೋದು' ಇಲ್ಲದಿದ್ರೆ ಅವಳು ಕಾರು ಹತ್ತೋದನ್ನ ಯಾರು ನಂಬ್ತಾರೆ ಸಾರ್? 2014ರ ಏಪ್ರಿಲ್ 27ರಂದು ನಸುಕಿನ ನಾಲ್ಕೂವರೆ ಸುಮಾರಿಗೆ ಕ್ಯಾಮೆರಾ ಆನ್ ಮಾಡಿದ್ದು, ನಿಲ್ಲಿಸಿದ್ದು ಏಳರ ಹೊತ್ತಿಗೆ. ಕ್ರಾಯ್ಟ್ಸ್‌ಬರ್ಗ್, ಮಿಟ್ಟೆ ಕಡೆ 22 ಜಾಗ. ಸ್ಕ್ರಿಪ್ಟ್ 12 ಪುಟ ಅಷ್ಟೇ, ಮಾತೆಲ್ಲ ನಟರೇ ಹುಟ್ಟಿಸಿಕೊಂಡಿದ್ದು. ಕ್ಯಾಮೆರಾಮನ್ ಸ್ಟುರ್ಲಾ ಬ್ರಾಂಡ್ತ್ ಗ್ರೋವ್ಲೆನ್‌ಗೆ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಸಿಕ್ತು. ಕೊನೆಯ ಟೈಟಲ್ಸ್‌ನಲ್ಲಿ ನಿರ್ದೇಶಕನಿಗಿಂತ ಮೊದಲು ಅವನ ಹೆಸರು ಬರುತ್ತೆ.

ಕತ್ತರಿಕೆಲಸ: ಆ ಬೆಳ್ಳಿ ಕರಡಿ ಇನ್ನೊಂದು ಸಿನಿಮಾದ ಜೊತೆ ಹಂಚಿಕೆ ಆಗಿದ್ದು, ಅದನ್ನೂ ಹೇಳಿ. ಮೊದಲ ಬಹುಮಾನ ಚಿನ್ನದ ಕರಡಿ ಹೋಗಿದ್ದು ಜಾಫರ್ ಪನಾಹಿಯ 'ಟ್ಯಾಕ್ಸಿ'ಗೆ.

ಹಾಸನದ ಹೈದ: ಒಂದ್ನಿಮಿಷ. ಮೇಲೆ 'ಜರ್ಮನ್ ಸಿನಿಮಾ' ಅಂತ ಬರೆದಿದ್ದೀರಲ್ಲ, ಯಾವ ಲೆಕ್ಕದಲ್ಲಿ? ಮಾತು ಬಹುಪಾಲು ಇಂಗ್ಲಿಷ್. ಅದೇ ಕಾರಣಕ್ಕೆ ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ಅನರ್ಹ ಆಯ್ತು. ಜರ್ಮನಿಯವರು ಬದಲಿಗೆ 'ಲ್ಯಾಬಿರಿಂತ್ ಆಫ್ ಲೈಸ್' ಕಳಿಸಿದ್ರು.

ರೀಲುಪೆಟ್ಟಿಗೆ: ಭಾಷೆ ವಿಷಯ ಆಮೇಲೆ ನೋಡೋಣ. ಆ ಕಾರಿನ ದೃಶ್ಯದ ಬಗ್ಗೆ ಯಾರಾದ್ರೂ ಹೇಳಿ.

ಬರ್ಲಿನ್ ಬಾಡಿಗೆದಾರಳು: 'ಯಾವ ಲೆಕ್ಕದಲ್ಲಿ' ಅಂದ್ರೆ? ನಾನು ಆರು ವರ್ಷದಿಂದ ಈ ಊರಲ್ಲಿದ್ದೀನಿ. ಇಲ್ಲಿ ಎಷ್ಟೋ ಕೆಫೆಗಳಲ್ಲಿ ಆರ್ಡರ್ ತಗೊಳ್ಳೋರಿಗೇ ಜರ್ಮನ್ ಬರಲ್ಲ. ಸ್ಪೇನಿನ ಹುಡುಗಿಗೂ ಬರ್ಲಿನ್ ಹುಡುಗರಿಗೂ ನಡುವೆ ಇರೋದು ಆ ಹರಕು ಇಂಗ್ಲಿಷ್ ಒಂದೇ. ಹುಡುಗರು ತಮ್ಮತಮ್ಮಲ್ಲಿ ಜರ್ಮನ್ನಲ್ಲಿ ಗುಸುಗುಸು ಶುರು ಮಾಡಿದ ಕೂಡಲೇ ಅವಳು ಹೊರಗಿನವಳಾಗ್ತಾಳೆ. ಏನಕ್ಕೆ ಸಿಕ್ಕಿಹಾಕಿಕೊಳ್ತಿದ್ದೀನಿ ಅಂತ ಅವಳಿಗೆ ಪೂರ್ತಿ ತಿಳಿಯದೇ ಇರೋದಕ್ಕೆ ಆ ಭಾಷೆಯೇ ಕಾರಣ.

ಹಾಸನದ ಹೈದ: 'ಆರ್ಡರ್ ತಗೊಳ್ಳೋರಿಗೇ ಜರ್ಮನ್ ಬರಲ್ಲ' ಅನ್ನೋದನ್ನ ಹೆಮ್ಮೆಯಿಂದ ಹೇಳ್ತಿದ್ದೀರಾ? ಬೆಂಗಳೂರಿನ ಒಂದು ಕೆಫೆಯಲ್ಲಿ ಕನ್ನಡದಲ್ಲಿ ಕಾಫಿ ಕೇಳಿದ್ದಕ್ಕೆ ನನ್ನ ಅಪ್ಪನ ಮುಖ ಮುಖ ನೋಡಿದ್ರು. ಅವತ್ತು ಅಪ್ಪ ಏನೂ ಕುಡಿಯದೆ ಎದ್ದು ಬಂದ್ರು. ಆ ಊರಲ್ಲಿ ನಾಳೆ ಯಾರೋ ಇಂಗ್ಲಿಷಲ್ಲಿ ಸಿನಿಮಾ ತೆಗೆದು ಕನ್ನಡ ಚಿತ್ರ ಅಂದ್ರೆ ನಾನು ಒಪ್ಪಲ್ಲ. ಆಸ್ಕರ್ ಅಕಾಡೆಮಿ ಮಾಡಿದ್ದು ಸರಿ.

ಬರ್ಲಿನ್ ಬಾಡಿಗೆದಾರಳು: ಹೆಮ್ಮೆ ಅಂತ ನಾನು ಎಲ್ಲಿ ಬರೆದೆ? ಇಲ್ಲದ ಮಾತನ್ನ ನನ್ನ ಬಾಯಿಗೆ ತುರುಕಬೇಡಿ. ಜರ್ಮನ್ನರೇ ಈ ಸಿನಿಮಾಗೆ ಆರು ಲೋಲಾ (ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ) ಕೊಟ್ಟಿದ್ದಾರೆ: ಚಿತ್ರ, ನಿರ್ದೇಶನ, ನಟಿ ಲಾಯಾ ಕೋಸ್ಟಾ, ನಟ ಫ್ರೆಡ್ರಿಕ್ ಲಾವ್, ಛಾಯಾಗ್ರಹಣ, ಸಂಗೀತ. ಅವರದ್ದು ಅಂತ ಅವರೇ ಅಪ್ಪಿಕೊಂಡ ಮೇಲೆ ನಿಮ್ಮ ತಕರಾರು ಏನು?

ಹಾಸನದ ಹೈದ: 'ಅಪ್ಪಿಕೊಂಡ ಮೇಲೆ'! ಮನೆಯವರು ಹೊಗಳಿದ್ರೆ ಸಾಕ್ಷಿ ಆಗುತ್ತಾ?

ಕತ್ತರಿಕೆಲಸ: ಸಂಗೀತ ಅಂದ್ರಲ್ಲ, ಅದು ನಿಜ. ದರೋಡೆ ಮುಗಿಸಿ ಕ್ಲಬ್ಬಿಗೆ ವಾಪಸ್ ಬಂದು ಕುಣಿಯುವಾಗ ಸುತ್ತಲ ಸದ್ದು ಕರಗಿ ಸಂಗೀತ ನಿರ್ದೇಶಕ ನಿಲ್ಸ್ ಫ್ರಾಮ್‌ನ ಸಂಗೀತ ಒಂದೇ ಉಳಿಯುತ್ತೆ. ಅದು ಸೌಂಡ್ ಮಿಕ್ಸಿಂಗ್ ಟೇಬಲ್ ಮೇಲೆ ಆದ ಕೆಲಸ. ಅಂದ್ರೆ ಸಿನಿಮಾ ಹಾರಿದ್ದು ಶೂಟಿಂಗ್ ಮುಗಿದ ಮೇಲೆ.

ಮೇಳದ ಮಗಳು: ಅಪರಿಚಿತರ ಜೊತೆ ಯಾವ ಹುಡುಗಿ ಹಾಗೆ ಹೋಗ್ತಾಳೆ ಅಂತ ನನಗೂ ಅನ್ನಿಸಿತ್ತು, ಕೆಫೆಯಲ್ಲಿ ಅವಳು ಪಿಯಾನೋ ಮುಂದೆ ಕೂರೋವರೆಗೆ. ಸಂಗೀತಗಾರ ಫ್ರಾಂಜ್ ಲಿಸ್ಟ್‌ನ 'ಮೆಫಿಸ್ಟೋ ವಾಲ್ಟ್ಸ್' ಅನ್ನೋ ಕಷ್ಟದ ಕೃತಿ ನುಡಿಸ್ತಾಳೆ. ವರ್ಷಗಟ್ಟಲೆ ಸಾಧನೆ ಮಾಡಿ, ಗೆಳೆಯರಿಲ್ಲದೆ ಬೆಳೆದು, ಕೊನೆಗೆ ನೀನು ಸಾಲದು ಅನ್ನಿಸಿಕೊಂಡವಳು. ನಾನು ಹತ್ತು ವರ್ಷ ವೀಣೆ ಕಲಿತು ಬಿಟ್ಟವಳು. ಯಾರೋ ನಾಲ್ಕು ಜನ 'ನಮ್ಮ ಜೊತೆ ಬಾ' ಅಂದ್ರೆ ಆಗ ಹೇಗಿರುತ್ತೆ ಅಂತ ನನಗೆ ಗೊತ್ತು.

ರೀಲುಪೆಟ್ಟಿಗೆ: ಇದು! ಅದಕ್ಕೇ ಕಾರು ನಿಂತಾಗ ನನ್ನ ಕೈ ನಡುಗಿದ್ದು. ಅಲ್ಲಿ ಒಂದು ಕಟ್ ಹಾಕಿ ಬ್ಯಾಂಕ್ ಒಳಗೆ ಹೋಗಿದ್ರೆ ಅವಳು ಬರೀ ಡ್ರೈವರ್ ಆಗಿಬಿಡ್ತಿದ್ಲು.

ಕತ್ತರಿಕೆಲಸ: 'ಒಂದು ಕಟ್' ಹಾಕಿಯೂ ಕಾರಲ್ಲೇ ಉಳೀಬಹುದು ಮಾರಾಯ್ರೆ. ಒಳಗೆ ಹೋಗಲೇಬೇಕು ಅಂತ ಕತ್ತರಿ ಹೇಳಲ್ಲ.

ಬರ್ಲಿನ್ ಬಾಡಿಗೆದಾರಳು: ಇಡೀ ಸಿನಿಮಾವನ್ನ ಮೊದಲಿಂದ ಕೊನೆವರೆಗೆ ಮೂರು ಸಲ ಶೂಟ್ ಮಾಡಿ ಮೂರನೆಯದನ್ನ ಇಟ್ಟುಕೊಂಡರು. ಮೂರರಲ್ಲೊಂದು ಆರಿಸೋದೂ ಎಡಿಟಿಂಗೇ ಅಂತೀರಾ?

ಕತ್ತರಿಕೆಲಸ: ಹೌದು, ಅಂತೀನಿ.

ಹಾಸನದ ಹೈದ: ಮೂರು ಸಲ ತೆಗೆದರಲ್ಲ, ಒಂದು ಸಲವಾದ್ರೂ ಅವಳಿಗೆ ನಾಲ್ಕು ವಾಕ್ಯ ಜರ್ಮನ್ ಕಲಿಸಬಹುದಿತ್ತು. ಪಿಯಾನೋ ದೃಶ್ಯ ನನಗೂ ಹಿಡಿಸಿತು, ಅದಕ್ಕೆ ಮಾತೇ ಬೇಕಿಲ್ಲ. ಉಳಿದದ್ದಕ್ಕೆ ನನ್ನ ಮಾತು ಬದಲಾಗಲ್ಲ.

ಬರ್ಲಿನ್ ಬಾಡಿಗೆದಾರಳು: ನಾಲ್ಕು ವಾಕ್ಯ ಬಂದಿದ್ರೆ ಅವಳು ಅವರ ಗುಸುಗುಸು ಕೇಳಿಸಿಕೊಂಡು ಮನೆಗೆ ಹೋಗ್ತಿದ್ಲು. ಅಲ್ಲಿಗೆ ಸಿನಿಮಾನೇ ಇಲ್ಲ.